"ಎರಡು ಸಲ ಓದಿದ್ದೀನಿ ಮೇಡಂ"

ಒಂದು ಯೂನಿವರ್ಸಿಟಿ. ಅಲ್ಲೊಬ್ಬ ಹೆಸರಾಂತ ಪ್ರೊಫೆಸರ್... ಡಾ. ವೃಷಭೇಂದ್ರ ಅಂತಿಟ್ಟುಕೊಳ್ಳಿ.

ಅವರು ಬರೆದ ಪ್ರತಿ ಲೇಖನದ ಕೊನೆಗೂ ಮಾರುದ್ದ ರೆಫರೆನ್ಸ್ ಪಟ್ಟಿ. "ಎಷ್ಟು ಓದ್ತಾರಪ್ಪಾ ನಮ್ಮ ಸರ್!" ಅಂತ ವಿದ್ಯಾರ್ಥಿಗಳಿಗೆಲ್ಲ ಬೆರಗು.

ನಿಜ ಹೇಳಬೇಕೆಂದರೆ ಅವರು ಓದುತ್ತಿದ್ದುದು ಬರೀ ಅಬ್‌ಸ್ಟ್ರಾಕ್ಟ್... ಅಂದರೆ ಜರ್ನಲ್ ಲೇಖನದ ಆರಂಭದಲ್ಲಿರುವ ಪುಟ್ಟ ಸಾರಾಂಶ. ಅದೂ ಅರ್ಧಂಬರ್ಧ!

ಊಟಕ್ಕೆ ಕೂತು ಉಪ್ಪಿನಕಾಯಿ ನೆಕ್ಕಿ ಎದ್ದು, "ಅಡುಗೆ ಭರ್ಜರಿ" ಅನ್ನೋರು ಇರ್ತಾರಲ್ಲ... ಹಾಗೆ.

ಒಮ್ಮೆ ದೊಡ್ಡ ಸೆಮಿನಾರ್. ಹಳ್ಳಿಯ ಹೆಣ್ಣುಮಕ್ಕಳು ಹೈಸ್ಕೂಲನ್ನು ಅರ್ಧಕ್ಕೇ ಬಿಡುವುದೇಕೆ ಅನ್ನೋದು ವಿಷಯ.

ಪ್ರೊಫೆಸರ್ ಮೈಕ್ ಹಿಡಿದು ಹೇಳಿದರು: "ತಾಯಂದಿರ ನಿರಾಸಕ್ತಿಯೇ ಇದಕ್ಕೆ ಕಾರಣ. ಪಂಕಜಾಕ್ಷಿ ಎನ್ನುವವರ ಸಂಶೋಧನಾ ಲೇಖನ ಇದನ್ನು ಸ್ಪಷ್ಟವಾಗಿ ತೋರಿಸಿದೆ."

ಜೋರು ಚಪ್ಪಾಳೆ...

ಊಟದ ಹೊತ್ತಿಗೆ ವಯಸ್ಸಾದ ಹೆಂಗಸೊಬ್ಬರು ಹತ್ತಿರ ಬಂದು ಕೈಮುಗಿದರು.

"ಸರ್, ನಾನೇ ಪಂಕಜಾಕ್ಷಿ. ಸರ್ಕಾರಿ ಕಾಲೇಜಲ್ಲಿ ಲೆಕ್ಚರರ್ ಆಗಿದ್ದೆ, ಈಗ ರಿಟೈರ್ಡ್. ಜೀವನದಲ್ಲಿ ಬರೆದಿದ್ದು ಅದೊಂದೇ ಲೇಖನ. ಯಾರೂ ಓದಿಲ್ಲ ಅಂದ್ಕೊಂಡಿದ್ದೆ... ನಿಮ್ಮ ರೆಫರೆನ್ಸಲ್ಲಿ ನನ್ನ ಹೆಸರಿದೆ ಅಂತ ಹಳೇ ಸ್ಟೂಡೆಂಟ್ ಒಬ್ಳು ಹೇಳಿದ್ಳು. ನಿಮ್ಮನ್ನ ನೋಡೋಕಂತಾನೇ ಬಸ್ ಹತ್ತಿ ಬಂದೆ."

"ತುಂಬಾ ಸಂತೋಷ ಮೇಡಂ!" ಎಂದು ಪ್ರೊಫೆಸರ್ ನಕ್ಕರು.

ಆಕೆ ತಡವರಿಸಿದರು. "ನೀವು... ಪೂರ್ತಿ ಓದಿದ್ರಾ ಸರ್?"

"ಅಯ್ಯೋ, ಏನ್ ಕೇಳ್ತೀರಿ! ಎರಡು ಸಲ ಓದಿದ್ದೀನಿ ಮೇಡಂ."

ಆಕೆಯ ಮುಖ ಸಪ್ಪಗಾಯಿತು.

"ಹಾಗಾದ್ರೆ ತಪ್ಪು ನಂದೇ ಸರ್. ನಾನೇ ನೆಟ್ಟಗೆ ಬರೆದಿಲ್ಲ... ಎಲ್ಲರೂ ತಾಯಂದಿರನ್ನೇ ಬೈತಾರೆ, ಅದು ಸುಳ್ಳು ಅಂತ ಹೇಳೋಕೇ ಆ ಲೇಖನ ಬರೆದಿದ್ದೆ. 'ನಿಮ್ಮ ತಪ್ಪಿಲ್ಲ ಅಂತ ಬರೀತೀನಿ' ಅಂತ ನಾನು ಮಾತಾಡಿಸಿದ ತಾಯಂದಿರಿಗೆ ಮಾತು ಕೊಟ್ಟಿದ್ದೆ. ನಿಮ್ಮಂಥೋರು ಎರಡು ಸಲ ಓದಿದ್ರೂ ಅದು ಗೊತ್ತಾಗಿಲ್ಲ ಅಂದ್ರೆ... ನಾನು ಕೊಟ್ಟ ಮಾತು ಉಳಿಸ್ಕೊಳ್ಲಿಲ್ಲ."

ಸೆರಗಿನಿಂದ ಕಣ್ಣೊರೆಸಿಕೊಂಡು ಆಕೆ ಹೋಗಿ ಸಭಾಂಗಣದ ಹಿಂದಿನ ಸಾಲಲ್ಲಿ ಕೂತರು.

ಪ್ರೊಫೆಸರ್‌ಗೆ ಊಟ ಬೇಡವಾಯಿತು. ತಮ್ಮದೊಂದು ಸುಳ್ಳನ್ನು ಆ ಹಿರಿಯ ಜೀವ ತನ್ನ ತಪ್ಪೆಂದು ಹೊತ್ತುಕೊಂಡಿತ್ತು...

ತಟ್ಟೆ ಪಕ್ಕಕ್ಕಿಟ್ಟು ಮೊಬೈಲ್‌ನಲ್ಲಿ ಆ ಲೇಖನ ತೆರೆದರು.

ಮೊದಲ ಸಾಲು: "ತಾಯಂದಿರ ನಿರಾಸಕ್ತಿಯಿಂದಲೇ ಹೆಣ್ಣುಮಕ್ಕಳು ಶಾಲೆ ಬಿಡುತ್ತಾರೆ ಎಂಬ ನಂಬಿಕೆ ಬಲವಾಗಿದೆ." ಅವರು ಅಂದು ಓದಿದ್ದು ಅಷ್ಟೇ.

ಎರಡನೇ ಸಾಲು "ಆದರೆ" ಎಂದು ಶುರುವಾಗುತ್ತಿತ್ತು.

ಓದುತ್ತಾ ಹೋದರು. ಒಳಗೆ ಒಬ್ಬ ತಾಯಿ ಹೇಳಿದ ಮಾತಿತ್ತು: "ಸ್ಕೂಲಲ್ಲಿ ಕಕ್ಕಸಿಲ್ಲ ಮೇಡಂನೋರೆ. ಮಗಳು ಸಂಜೆವರೆಗೂ ಒಂದು ಗುಟುಕು ನೀರು ಕುಡಿಯಲ್ಲ. ಕಾಯಿಲೆ ಬಿದ್ದಳು... ಬಿಡಿಸದೆ ಏನ್ ಮಾಡ್ಲಿ?"

ಪ್ರೊಫೆಸರ್ ಕಣ್ಣು ಮಂಜಾಯಿತು. ಇಂಥ ತಾಯಿಯನ್ನೇ ಅವರು ಬೆಳಿಗ್ಗೆ ತುಂಬಿದ ಸಭೆಯಲ್ಲಿ ದೂರಿದ್ದರು! ನಾಚಿಕೆಯಿಂದ ಭೂಮಿಗಿಳಿದು ಹೋದರು.

ಸಂಜೆ ಸಮಾರೋಪ. ಅವರು ಮತ್ತೆ ಮೈಕ್ ಹಿಡಿದರು.

"ಬೆಳಿಗ್ಗೆ ನಾನು ಹೇಳಿದ್ದು ತಪ್ಪು. ಪಂಕಜಾಕ್ಷಿ ಮೇಡಂ ಸರಿಯಾಗಿಯೇ ಬರೆದಿದ್ದಾರೆ... ನಾನು ಓದಿರಲಿಲ್ಲ. ಎರಡು ಸಲ ಓದಿದ್ದೀನಿ ಅಂತ ಅವರಿಗೆ ಸುಳ್ಳು ಹೇಳಿದೆ. ನನ್ನನ್ನು ಕ್ಷಮಿಸಿ ಮೇಡಂ."

ಆಮೇಲೆ ಆ ತಾಯಿಯ ಮಾತನ್ನು ಸಭೆಗೆ ಓದಿ ಹೇಳಿದರು.

ಹಿಂದಿನ ಸಾಲಿನಲ್ಲಿ ಪಂಕಜಾಕ್ಷಿ ಮೇಡಂ ಬಿಕ್ಕಿ ಬಿಕ್ಕಿ ಅಳುತ್ತಿದ್ದರು.

ಈ ಸಲ ಯಾರೂ ಚಪ್ಪಾಳೆ ತಟ್ಟಲಿಲ್ಲ. ಮುಂದಿನ ಸಾಲಿನ ಎಷ್ಟೋ ಪ್ರೊಫೆಸರ್‌ಗಳು ತಲೆ ತಗ್ಗಿಸಿ ಕೂತಿದ್ದರು... ಅವರಿಗೂ ತಮ್ಮ ತಮ್ಮ ರೆಫರೆನ್ಸ್ ಪಟ್ಟಿ ನೆನಪಾಗಿರಬೇಕು.

*ಓದದೆಯೇ ಓದಿದ್ದೇನೆ ಎನ್ನುವುದಕ್ಕಿಂತ, "ಓದಿಲ್ಲ" ಎಂದು ಒಪ್ಪಿಕೊಳ್ಳುವುದೇ ಬರೆದವರಿಗೆ ಕೊಡುವ ಮರ್ಯಾದೆ.*

ನೀವು ಈ ಕಥೆಯನ್ನು ಪೂರ್ತಿ ಓದಿದ್ರಾ... ಇಲ್ಲಾ ನೀತಿ ಏನಂತ ನೋಡೋಕೆ ನೇರ ಕೆಳಗೆ ಬಂದ್ರಾ?