ಕಾಗೆ ಮುಟ್ಟದ ಅನ್ನ

“ಈ ಅನ್ನಕ್ಕೆ ಕಾಗೆ ಬರಲ್ಲಮ್ಮ. ದರ್ಭೆ ಕಾಗೆ ಮಾಡಿ ಮುಟ್ಟಿಸಿಬಿಡ್ತೀನಿ,” ಎಂದರು ಪುರೋಹಿತರು. ರಫ್ತು ಒಪ್ಪಂದವಾದಾಗಿನಿಂದ, ಕಾವೇರಿ ದಂಡೆಗೆ ಪಿಂಡವಿಡಲು ಬಂದವರಿಗೆಲ್ಲ ಅವರು ಹೇಳುವ ಮಾತೇ ಅದು. ಘಮದ ಅಕ್ಕಿಯೆಲ್ಲ ಹಡಗು ಹತ್ತಬೇಕು. ಇಲ್ಲಿಯವರಿಗೆ ವಾಸನೆ, ರುಚಿ ಎರಡೂ ಇಲ್ಲದ ಅಕ್ಕಿ. ಆ ಸಪ್ಪೆ ತಳಿಯನ್ನು ಸಂಶೋಧನಾ ಕೇಂದ್ರದಲ್ಲಿ ರೂಪಿಸಿದವಳು ಈಗ ಅವರೆದುರು ಕೂತಿದ್ದ ಅಂಬುಜಾಕ್ಷಿಯೇ. ಘಮದ ತಳಿ, ಈಗ ತೀರಿಕೊಂಡ ಅವಳ ಅಪ್ಪನದು. ಕೊನೆಕೊನೆಗೆ ಅವರು ತಟ್ಟೆಯನ್ನು ಮೂಗಿನ ಹತ್ತಿರ ಹಿಡಿದು, ಹಾಗೇ ಕೆಳಗಿಡುತ್ತಿದ್ದರು.

“ಸ್ವಲ್ಪ ತಡೀರಿ,” ಎಂದು ಅವಳು ಸೆರಗಿನ ಗಂಟು ಬಿಚ್ಚಿದಳು. ಕೇಂದ್ರದಿಂದ ಕದ್ದು ತಂದ ಒಂದು ಹಿಡಿ ರಫ್ತಿನ ಅಕ್ಕಿ. ಸಿಕ್ಕಿಬಿದ್ದರೆ ಕೆಲಸ ಹೋಗುವುದಷ್ಟೇ ಅಲ್ಲ, ಜೈಲು. ಪುರೋಹಿತರು ಅತ್ತಿತ್ತ ನೋಡಿ ಒಲೆಗೆ ಅಡ್ಡ ನಿಂತರು.

ಅನ್ನ ಬೇಯುತ್ತಲೇ ಘಮ ಹರಡಿತು. ಅಕ್ಕಪಕ್ಕದ ಕಲ್ಲುಗಳ ಬಳಿ ತಮ್ಮವರಿಗೆ ಪಿಂಡ ಕಟ್ಟುತ್ತಿದ್ದವರ ಕೈ ನಿಂತುಹೋಯಿತು. ಒಬ್ಬ ಮುದುಕಿ ಎದ್ದು ಬಂದಳು.

“ನಮ್ ಯಜಮಾನ್ರು ಸಾಯೋಗಂಟ ಇದನ್ನೇ ಕೇಳ್ತಿದ್ರು ಕಣವ್ವ. ಅವರ ಪಿಂಡಕ್ಕೆ ಒಂದು ತುತ್ತು ಕೊಡು.”

ಅಂಬುಜಾಕ್ಷಿ ಕೊಟ್ಟಳು. ಮುದುಕಿಯ ಹಿಂದೆ ಇನ್ನೊಬ್ಬರು, ಅವರ ಹಿಂದೆ ಮತ್ತೊಬ್ಬರು. ಇಲ್ಲವೆನ್ನಲು ಅವಳಿಗೆ ಬಾಯಿ ಬರಲಿಲ್ಲ. ಕೊನೆಯವನಿಗೆ ಪಾತ್ರೆಯ ತಳ ಕೆರೆದು ಕೊಟ್ಟಳು.

ದಂಡೆಯುದ್ದಕ್ಕೂ ಉಳಿದವರ ಕಲ್ಲುಗಳ ಮೇಲೆ ಕಾಗೆಗಳು ಇಳಿದವು. ಸಪ್ಪೆ ಅನ್ನದ ಪಿಂಡವಷ್ಟೇ ಇದ್ದ ಅಪ್ಪನ ಕಲ್ಲಿನ ಮುಂದೆ ಕೂತು, ಪುರೋಹಿತರು ದರ್ಭೆ ಮಡಚತೊಡಗಿದರು.