ವಾಡೆಗೆ ಬಳಿದ ಸುಣ್ಣ

ಬೆಳಿಗ್ಗೆ ಹತ್ತಕ್ಕೆ ಬಾಗಿಲು ತೆಗೆದಾಗ ರಾಯದುರ್ಗದ ಪಾಳು ವಾಡೆಯ ಪಡಸಾಲೆ ಬೆಳ್ಳಗಿತ್ತು. ಜೀನ್ಸ್ ಹೊಲಿಯುವ ಶೆಡ್ಡಿಗಾಗಿ ಅದನ್ನು ಕೆಡವಲಿದ್ದರು. ಗೋಡೆಯ ಹಳೆಯ ಚಿತ್ರಗಳನ್ನು ತೋರಿಸಿ ಅದನ್ನು ತಡೆಯಲೆಂದೇ, ಆ ಚಿತ್ರಗಳ ಅಧ್ಯಯನ ಮಾಡುತ್ತಿದ್ದ ಭುವನಾ ಪುರಾತತ್ವ ಅಧಿಕಾರಿಯನ್ನು ಕರೆತಂದಿದ್ದಳು.

ಅವಳು ಗೋಡೆಯನ್ನು ಉಗುರಿನಿಂದ ಮೆಲ್ಲಗೆ ಕೆರೆದಳು. ಸುಣ್ಣದ ಜೊತೆ ಚಿತ್ರದ ನವಿಲಿನ ನೀಲಿಯೂ ಎದ್ದು ಬಂತು.

"ಯಾರ್ರಿ ಬಳಿದಿದ್ದು?" ಭುವನಾ ಕೇಳಿದಳು.

"ನಾನೇರಿ," ಎಂದಳು ವಾಡೆ ಕಾಯುವ ಪಂಪಮ್ಮ. "ದೊಡ್ಡ ಸಾಹೇಬ್ರು ಬರ್ತಾರ ಅಂತ ನೀವೇ ಹೇಳಿದ್ರಲ್ರಿ. ಸುಣ್ಣ ಕಾಣದ ಮನೀಗೆ ಹೆಂಗ ಕರೀಲಿ? ಆ ಮಸಿ ಹಿಡಿದ ಗೊಂಬಿ ನೋಡಿ ನಗ್ತಿದ್ರು."

ಭುವನಾ ಮೊಬೈಲಿನಲ್ಲಿ ಚಿತ್ರಗಳ ಫೋಟೊ ತೋರಿಸಿದಳು.

"ಫೋಟೊಕ್ಕ ರಕ್ಷಣೆ ಕೊಡಾಕ ಬರಂಗಿಲ್ಲಮ್ಮ," ಎಂದ ಅಧಿಕಾರಿ. ಪಂಪಮ್ಮನತ್ತ ತಿರುಗಿ, "ಭಾಳ ಚೊಕ್ಕ ಇಟ್ಟೀರಿ," ಎಂದು ಹೊರಟ.

ಸೋಮವಾರ ವಾಡೆ ಕೆಡವಿದರು. ಗೋಡೆಯ ಮಣ್ಣನ್ನು ಶೆಡ್ಡಿನ ಪಾಯಕ್ಕೆ ತುಂಬಿದರು.