ಕೊಳೆಯದವರ ಹೊಲ

ಆ ಊರಿನಲ್ಲಿ ಸತ್ತವರನ್ನು ಹೊಲಕ್ಕೆ ಕೊಡುತ್ತಿದ್ದರು. ಎರೆಹುಳು, ಸೂಕ್ಷ್ಮಜೀವಿಗಳೆಲ್ಲ ದೇಹವನ್ನು ಗೊಬ್ಬರ ಮಾಡಿ, ಅದರ ಮೇಲೆ ಮೊಳಕೆ ಒಡೆದ ದಿನ ಮನೆಯವರ ಸೂತಕ ಕಳೆಯುತ್ತಿತ್ತು. ಒಮ್ಮೆ ಇಟ್ಟವರನ್ನು ಮತ್ತೆ ಎತ್ತುವಂತಿರಲಿಲ್ಲ.

ಫಕೀರವ್ವನ ಸೂತಕ ಮಾತ್ರ ವರ್ಷಗಳಾದರೂ ಕಳೆದಿರಲಿಲ್ಲ. ಅಡಿವೆಪ್ಪ ಸಾಹುಕಾರನ ಬಣ್ಣದ ಕಾರ್ಖಾನೆಯಿಂದ ಆಮ್ಲದ ನೀರು ಹರಿದು ಹೊಲಗಳ ಮಣ್ಣೆಲ್ಲ ಸತ್ತಿತ್ತು. ಅಲ್ಲಿಟ್ಟ ಅವಳ ಗಂಡ ಕೊಳೆಯಲೇ ಇಲ್ಲ. ಕೇಳಲು ಹೋದಾಗ ಸಾಹುಕಾರ, "ಮಣ್ಣಿಗೇನು ಜೀವ ಇರತೈತೇನಬೇ?" ಎಂದು ನಕ್ಕಿದ್ದ. ಆಮೇಲೆ ಅವಳು ಸಗಣಿ, ತರಗೆಲೆ ಹಾಕುತ್ತ ತನ್ನ ಹಿತ್ತಲ ಮಣ್ಣನ್ನಷ್ಟೇ ಬದುಕಿಸಿಕೊಂಡಳು.

ಸಾಹುಕಾರ ಸತ್ತ ದಿನ ಅವನ ಮಗ ಚೆನ್ನಮಲ್ಲ ಆ ಹಿತ್ತಲಿಗೆ ಬಂದು ಕೈಮುಗಿದ.

"ನಮ್ಮಪ್ಪಗ ಇಲ್ಲೊಂದಿಷ್ಟು ಜಾಗಾ ಕೊಡ ಯವ್ವಾ. ನಮ್ಮ ಹೊಲದಾಗ ಒಂದು ಹುಳಾನೂ ಉಳದಿಲ್ಲ."

ಫಕೀರವ್ವ ಒಂದು ಹಿಡಿ ಕಪ್ಪು ಮಣ್ಣೆತ್ತಿ ಅವನ ಮೂಗಿನ ಹತ್ತಿರ ಹಿಡಿದಳು. ಹೊಸ ಮಳೆಯ ವಾಸನೆ ಬಂತು. ಅವನ ಮುಖದಲ್ಲಿ ಆಸೆ ಮೂಡುವವರೆಗೆ ಕಾದು, ಅದನ್ನು ಮತ್ತೆ ಪಾತಿಗೇ ಸುರಿದಳು.

"ನನ್ನ ಗಂಡನ ಮಗ್ಗಲಾಗ ಇಡ ಹೋಗಪಾ. ಅವ ಇನ್ನೂ ಕೊಳತಿಲ್ಲ. ನಿಮ್ಮಪ್ಪನ್ನ ಗುರುತು ಹಿಡೀತಾನ."

ಸಂಜೆ ಸಾಹುಕಾರನನ್ನು ಅಲ್ಲೇ ಇಟ್ಟರು. ಫಕೀರವ್ವ ಅಂದು ಹೊಟ್ಟೆತುಂಬ ಉಂಡಳು.